ಜಾಲಿಸಿದ ನೀರಿನ ಬಣ್ಣ

ಜೂನ್ ೩, ಸೋಮವಾರ

ಮೂಳೆ ಡಾಕ್ಟರು ಬರೆಯಲು ಹೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಕೈ ಯಾವ ಹೊತ್ತಿನಲ್ಲಿ ಮರಗಟ್ಟುತ್ತದೆ, ಯಾವ ಬೆರಳು, ಎಷ್ಟು ಹೊತ್ತು. ಒಂದು ತಿಂಗಳು ಬರೆಯಬೇಕಂತೆ. "ನೆನಪಿಟ್ಟುಕೊಂಡು ಬಂದು ಹೇಳಿದ್ರೆ ಆಗಲ್ವಾ ಸಾರ್?" ಎಂದೆ. "ನೆನಪು ಯಾವತ್ತೂ ತನ್ನ ಯಜಮಾನನ ಪರವೇ ಸಾಕ್ಷಿ ಹೇಳುತ್ತಮ್ಮ" ಎಂದರು.

ಏನು ಕೆಲಸ ಎಂದು ಕೇಳಿದರು. "ಇದೇ ಆಸ್ಪತ್ರೆಯ ಬಟ್ಟೆಮನೆ, ಸಾರ್. ನೀವು ಹಾಕಿರೋ ಕೋಟು ನನ್ನ ಕೈಯಿಂದಲೇ ಬಂದಿದ್ದು" ಎಂದೆ. ಅವರು ಕೋಟನ್ನೊಮ್ಮೆ ನೋಡಿಕೊಂಡರು. ಇಪ್ಪತ್ತೆಂಟು ವರ್ಷ ಬಟ್ಟೆ ಹಿಂಡಿ ಹಿಂಡಿ ಮಣಿಕಟ್ಟಿನೊಳಗಿನ ನರವೂ ಹಿಂಡಿಹೋಗಿದೆಯಂತೆ. ಚಿಕ್ಕದೊಂದು ಆಪರೇಷನ್ ಮಾಡಿದರೆ ನೋವು ಹೋಗುತ್ತದೆ. ಹೋದ ಸ್ಪರ್ಶ ತಿರುಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಬಲಗೈ: ಹೆಬ್ಬೆರಳು, ತೋರುಬೆರಳು, ನಡುಬೆರಳು ಪೂರ್ತಿ. ಉಂಗುರಬೆರಳು ಅರ್ಧ. ಕಿರುಬೆರಳು ಚೆನ್ನಾಗಿದೆ. ಎಡಗೈಯೂ ಅದೇ ದಾರಿ ಹಿಡಿದಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ.

ಬಟ್ಟೆಮನೆಯಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ ಎನ್ನುವುದನ್ನು ಡಾಕ್ಟರಿಗೆ ಹೇಳಲಿಲ್ಲ. ಬೆರಳಕ್ಕ.

ಜೂನ್ ೪, ಮಂಗಳವಾರ

ಅದೇ ಬೆರಳುಗಳು. ಇಡೀ ದಿನ. ಹನ್ನೊಂದು ಲೋಡು ಬಟ್ಟೆ.

ಜೂನ್ ೬, ಗುರುವಾರ

ಬೆಳಿಗ್ಗೆ ಚಹಾದ ಲೋಟ ಕೈಯಿಂದ ಬಿತ್ತು. "ಲೋಟಕ್ಕೂ ನಿನ್ನ ಕಂಡ್ರೆ ಓಡಿಹೋಗೋಣ ಅನಿಸ್ತಿದೆ ನೋಡು" ಎಂದರು ನಮ್ಮನೆಯವರು. ಬಸ್ ಓಡಿಸುವ ಕೆಲಸ ಅವರದು. ಬಸ್ಸಿಗೆ ಬ್ರೇಕಿದೆ, ಬಾಯಿಗಿಲ್ಲ.

ಬಟ್ಟೆಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳುವುದಾದರೂ ಹೇಗೆ? ಅಲ್ಲಿಯ ಕಟ್ಟಳೆಯೇ ನನ್ನ ಬೆರಳ ತುದಿಯಲ್ಲಿ ನಿಂತಿದೆ. ಕೊನೆಯ ಸಲ ಜಾಲಿಸಿದ ನೀರಿಗೆ ನಾನು ಬೆರಳದ್ದಿ, ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿ ನೋಡಬೇಕು. ನುಣ್ಣಗೆ ಜಾರಿದರೆ ಬಟ್ಟೆಯಲ್ಲಿ ಸೋಪು ಉಳಿದಿದೆ, ಇನ್ನೊಮ್ಮೆ ಜಾಲಿಸು. ಒರಟಾಗಿ ಹಿಡಿದು ಕೀಚ್ ಎಂದರೆ ಶುಚಿ. ನಾನು "ಹೂಂ" ಎನ್ನುವ ತನಕ ಯಾರೂ ಡ್ರೈಯರಿನ ಬಾಗಿಲು ತೆಗೆಯುವುದಿಲ್ಲ. ನಾನು ರಜೆ ಹಾಕಿದರೆ ಮಕ್ಕಳ ವಾರ್ಡಿನ ಬಟ್ಟೆ ಮಾರನೇ ದಿನದವರೆಗೂ ನೀರಿನಲ್ಲೇ ಮಲಗಿರುತ್ತದೆ. ಒಮ್ಮೆ ಜ್ವರದಲ್ಲಿ ನಾಲ್ಕು ದಿನ ಮನೆಯಲ್ಲಿದ್ದಾಗ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಮನೆಗೇ ಬಂದಿದ್ದರು, ಬೆರಳದ್ದಿಸಿಕೊಂಡು ಹೋಗಲು.

ಒಂದು ಸಮಾಧಾನ ಉಂಟು. ಎರಡು ತಿಂಗಳಿಂದ ಒಂದು ಲೋಡೂ ಮತ್ತೆ ಜಾಲಿಸಲು ಹಿಂದಕ್ಕೆ ಹೋಗಿಲ್ಲ. ಗೂಡ್ಸು ಕೊನೆಗೂ ಕೆಲಸ ಕಲಿತ ಹಾಗಿದೆ. ಮೆಷಿನ್ ನಡೆಸುವವನು ಅವನು. ನಡಿಗೆ, ಮಾತು, ಊಟ ಎಲ್ಲವೂ ಗೂಡ್ಸ್ ರೈಲಿನಷ್ಟೇ ನಿಧಾನ. ಆದರೆ ಹಳಿ ಬಿಟ್ಟು ಇಳಿದವನಲ್ಲ.

ಬೆರಳು ಬರೆಯಲು ಮರೆತೆ: ಅವೇ.

ಜೂನ್ ೧೦, ಸೋಮವಾರ

ಮಕ್ಕಳ ವಾರ್ಡಿನ ದೊಡ್ಡ ಸಿಸ್ಟರ್ ತಾವೇ ಬಟ್ಟೆಮನೆಗೆ ಇಳಿದು ಬಂದರು. ಕೈಯಲ್ಲಿ ಕೂಸಿಗೆ ಸುತ್ತುವ ಬಟ್ಟೆಯೊಂದಿತ್ತು. ಮೇಜಿನ ಮೇಲೆ ಹರಡಿದರು. ಬೆಳ್ಳಗೆ, ಮೆತ್ತಗೆ ಇತ್ತು. ನನಗೇನೂ ತಪ್ಪು ಕಾಣಲಿಲ್ಲ.

"ಒಂಬತ್ತು ಕೂಸುಗಳಿಗೆ ಮೈ ಕೆಂಪಾಗಿದೆ. ಬೆನ್ನು, ಕುತ್ತಿಗೆ, ತೊಡೆ ಸಂದು. ಬಟ್ಟೆ ತಾಗೋ ಕಡೆಯೆಲ್ಲ" ಎಂದರು. "ಹುಟ್ಟಿ ಮೂರು ದಿನ ಆಗಿಲ್ಲ ಅವಕ್ಕೆ. ಅಮ್ಮನ ಕೈ ಬಿಟ್ರೆ ಲೋಕದಲ್ಲಿ ಮೊದಲು ಮುಟ್ಟಿದ್ದೇ ಈ ಬಟ್ಟೆ. ಅದೇ ಕಚ್ಚಿದೆ."

"ನನ್ನ ಬೆರಳು ನೋಡದೆ ಇಲ್ಲಿಂದ ಒಂದು ಚೂರು ಬಟ್ಟೆ ಹೋಗಿಲ್ಲ, ಸಿಸ್ಟರ್."

"ಅದು ಗೊತ್ತು. ಅದಕ್ಕೇ ನಿಮ್ಮನ್ನ ಕೇಳ್ತಿಲ್ಲ. ಮೆಷಿನ್ ಯಾರದು?"

ಗೂಡ್ಸು ಕೈ ಒರೆಸಿಕೊಂಡು ಬಂದು ನಿಂತ. ಸೋಪಿನ ಪುಡಿ ಏಪ್ರಿಲ್‌ನಲ್ಲಿ ಬದಲಾಗಿದೆ, ಹೊಸದು. ಎಷ್ಟು ಹಾಕುತ್ತೀಯ ಎಂದು ಕೇಳಿದರು. "ಮೂರು ಮಗ್" ಎಂದ. ಸಿಸ್ಟರ್ ಮೂಲೆಯಲ್ಲಿದ್ದ ಚೀಲದ ಹತ್ತಿರ ಹೋಗಿ, ಕನ್ನಡಕ ಏರಿಸಿ ಓದಿದರು. ಒಂದು ಎಂದು ಬರೆದಿತ್ತು.

ಗೂಡ್ಸು ನನ್ನ ಕಡೆ ನೋಡಿದ. ಆ ಪುಡಿ ಬಂದ ಮೊದಲ ದಿನ ಒಂದು ಮಗ್ಗಿಗೆ ನೊರೆಯೇ ಏಳಲಿಲ್ಲ. ನೊರೆ ಇಲ್ಲದ ಒಗೆತ ಎಂಥ ಒಗೆತ, ಇನ್ನೆರಡು ಸುರಿ ಎಂದವಳು ನಾನು. ಅವನು ಅದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಆಗ ಬಾಯಿಗೆ ಬರಲಿಲ್ಲ, ಅಷ್ಟೇ. ಹೇಗಿದ್ದರೂ ಬೆರಳು ಶುಚಿ ಎಂದಿದೆಯಲ್ಲ. ಮೂರಲ್ಲ, ಮೂವತ್ತು ಮಗ್ ಹಾಕಿದರೂ ಜಾಲಿಸಿ ಹೋದ ಮೇಲೆ ಏನಂತೆ? ಸಿಸ್ಟರ್ ಹೋದ ಮೇಲೂ ಅಳತೆ ಮೂರೇ ಉಳಿಯಿತು.

ಜೂನ್ ೧೧, ಮಂಗಳವಾರ

ಲ್ಯಾಬಿನಿಂದ ಒಬ್ಬಳನ್ನು ಕಳಿಸಿದ್ದಾರೆ, ಬಟ್ಟೆ ಪರೀಕ್ಷೆ ಮಾಡಲು. ಮೂವತ್ತರ ಆಸುಪಾಸಿನ ಸಣಕಲಿ. ಕೋಟಿನ ಜೇಬಿನಲ್ಲಿ ಸಣ್ಣ ಸಣ್ಣ ಸೀಸೆಗಳು, ನಡೆದರೆ ಗಿಲಿಗಿಲಿ ಎನ್ನುತ್ತವೆ. ಮಡಚುವ ಹೆಂಗಸರು ನಾಲ್ವರೂ ಅವಳಿಗೆ ಆಗಲೇ ಸೀಸೆಮ್ಮ ಎಂದು ಹೆಸರಿಟ್ಟಾಯಿತು.

ನನಗೆ ಮೈಯೆಲ್ಲ ಉರಿ. ಬಟ್ಟೆ ಒಗೆಯುವುದನ್ನು ಪುಸ್ತಕದಲ್ಲಿ ಓದಿದವಳು ನನಗೆ ಹೇಳಲು ಬಂದಿದ್ದಾಳೆ. ಅವಳನ್ನೇ ಪರೀಕ್ಷೆ ಮಾಡೋಣ ಎನಿಸಿತು.

"ರಕ್ತದ ಕಲೆಗೆ ಬಿಸಿನೀರೋ ತಣ್ಣೀರೋ?"

"ತಣ್ಣೀರು."

"ಯಾವತ್ತಾದ್ರೂ ಒಗೆದಿದ್ದೀಯಾ?"

"ಇಲ್ಲಕ್ಕ. ಮೊಟ್ಟೆ ಬೇಯಿಸಿದ್ದೀನಿ."

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಬಿಸಿ ತಾಗಿದರೆ ಮೊಟ್ಟೆಯ ಬಿಳಿ ಹೇಗೆ ಗಟ್ಟಿಯಾಗಿ ಕೂರುತ್ತದೋ ರಕ್ತವೂ ನೂಲಿನೊಳಗೆ ಹಾಗೆಯೇ ಬೆಂದು ಕೂರುತ್ತದಂತೆ. ಇಪ್ಪತ್ತೆಂಟು ವರ್ಷದಿಂದ ಹೊಸಬರಿಗೆಲ್ಲ ತಣ್ಣೀರು ತಣ್ಣೀರು ಎಂದು ಬೈದುಕೊಂಡು ಬಂದೆ. ಏಕೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮೊಟ್ಟೆ ದಿನಾ ಬೇಯುತ್ತಿತ್ತು, ಕಣ್ಣೆದುರೇ.

ಆಮೇಲೆ ಅವಳು, ಬೆರಳಿನಿಂದ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಸೋಪು ಇದ್ದರೆ ಜಾರುತ್ತದೆ, ಇಷ್ಟೂ ಗೊತ್ತಿಲ್ಲವೇ ಎಂದೆ. ಅವಳು ನನ್ನ ಕೈಯನ್ನೇ ನೋಡುತ್ತಾ, "ಪೂರ್ತಿ ಅದಲ್ಲಕ್ಕ. ಪುಡಿಯಲ್ಲಿ ಕ್ಷಾರ ಇರುತ್ತೆ, ವಾಷಿಂಗ್ ಸೋಡಾ ಥರ. ಅದು ನಿಮ್ಮ ಚರ್ಮದ ಮೇಲಿನ ಎಣ್ಣೆ ಜೊತೆ ಸೇರಿ ಅಲ್ಲೇ ಸೋಪಾಗುತ್ತೆ. ಕ್ಷಾರ ಉಳಿದಿದ್ರೆ ನಿಮಗೆ ಜಾರೋದು ಬಟ್ಟೆ ಸೋಪಲ್ಲ. ನಿಮ್ಮ ಬೆರಳಲ್ಲಿ ಆಗ ತಾನೇ ಹುಟ್ಟಿದ ಸೋಪು" ಎಂದಳು.

ಮನೆಗೆ ಬಂದು ಇದನ್ನೇ ಯೋಚಿಸುತ್ತ ಕೂತಿದ್ದೇನೆ. ಅಂದರೆ ಇಷ್ಟು ವರ್ಷ ದಿನಕ್ಕೆ ಹತ್ತು ಸಲ, ಹನ್ನೊಂದು ಸಲ, ನನ್ನ ಮೈಯೆಣ್ಣೆಯಿಂದಲೇ ಸಾಸಿವೆ ಕಾಳಿಗಿಂತ ಸಣ್ಣ ಸೋಪೊಂದನ್ನು ನಾನು ತಯಾರಿಸುತ್ತಿದ್ದೆ. ಕಾರ್ಖಾನೆ ಇಟ್ಟುಕೊಂಡು ತಿರುಗುತ್ತಿದ್ದವಳಿಗೆ ಕಾರ್ಖಾನೆ ಇದೆಯೆಂದೇ ಗೊತ್ತಿರಲಿಲ್ಲ.

ಜೂನ್ ೧೩, ಗುರುವಾರ

ಸೀಸೆಮ್ಮನ ಮಾತು ಬಿಡಲಿಲ್ಲ. ನಮ್ಮನೆಯವರನ್ನು ಕೂರಿಸಿಕೊಂಡು ಎರಡು ಬೋಗುಣಿ ಇಟ್ಟೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಒಂದು ಚಮಚ ಪುಡಿ. ನಾನು ಕಣ್ಣು ಮುಚ್ಚುತ್ತೇನೆ, ನೀವು ಅದಲುಬದಲು ಮಾಡಿ ಎಂದೆ. ಆ ಜಾರುವುದನ್ನು ಹೊಸದಾಗಿ ತಿಳಿದುಕೊಂಡು ಮುಟ್ಟಬೇಕೆಂಬ ಆಸೆಗೆ, ಅಷ್ಟೇ.

ಎಡಗಡೆಯದು ಕೀಚ್ ಎಂದಿತು. ಬಲಗಡೆಯದೂ ಕೀಚ್ ಎಂದಿತು.

"ಎರಡರಲ್ಲೂ ಬರೀ ನೀರಿಟ್ಟು ನನ್ನ ಆಟ ಆಡಿಸ್ತಿದ್ದೀರಾ?" ಎಂದೆ.

ಅವರು ನಗಲಿಲ್ಲ. ಅವರು ನಗದಿದ್ದಾಗಲೇ ನನಗೆ ಗೊತ್ತಾದದ್ದು. ಕಿರುಬೆರಳು ಅದ್ದಿ ಅಂಗೈಗೆ ಉಜ್ಜಿದೆ. ಬಲಗಡೆಯದು ಮೀನಿನಂತೆ ಜಾರಿತು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನಗೆ ಬೇಕಾಯಿತು. ಜಾರುವುದು ಗೊತ್ತಾಗದ ಬೆರಳು ಜಾರುತ್ತಿಲ್ಲ ಎಂದೇ ಹೇಳುತ್ತದೆ. ಸತ್ತ ಬೆರಳಿಗೆ ಎಲ್ಲ ನೀರೂ ಶುಚಿ. ಎರಡು ತಿಂಗಳಿಂದ ಒಂದು ಲೋಡೂ ಹಿಂದಕ್ಕೆ ಹೋಗದಿದ್ದುದು ಗೂಡ್ಸು ಕೆಲಸ ಕಲಿತದ್ದರಿಂದಲ್ಲ.

ಜೂನ್ ೧೫, ಶನಿವಾರ

ನಿನ್ನೆಯಿಂದ ಕಿರುಬೆರಳಿನಲ್ಲಿ ನೋಡುತ್ತಿದ್ದೇನೆ. ಯಾರಿಗೂ ಕಾಣದಂತೆ ಮೂರು ಬೆರಳಿನ ಮರೆಯಲ್ಲಿ ಅದನ್ನು ಅದ್ದುತ್ತೇನೆ. ಅದಿನ್ನೂ ಹೊಸಬ, ಅಳುಕುತ್ತದೆ. ಆದರೆ ಸುಳ್ಳು ಹೇಳುವುದಿಲ್ಲ. ಇನ್ನು ಕೂಸುಗಳ ಬಟ್ಟೆ ಕೆಡುವುದಿಲ್ಲ. ಹಾಗಾಗಿ ಬೇರೆಯವರಿಗೆ ಹೇಳುವ ಅಗತ್ಯವೂ ಇಲ್ಲ ಎಂದು ತೀರ್ಮಾನಿಸಿಕೊಂಡೆ.

ಊಟದ ಹೊತ್ತಿನಲ್ಲಿ ಸೀಸೆಮ್ಮ ಲ್ಯಾಬಿಗೆ ಕರೆದಳು. "ಒಂದು ತಮಾಷೆ ತೋರಿಸ್ತೀನಿ ಬನ್ನಿ" ಎಂದಳು. ತಮಾಷೆಯಂತೆ. ಏನು ಕಂಡೆ ಎನ್ನುವುದನ್ನು ನೆನಪು ತಿರುಚುವ ಮುಂಚೆ ಬರೆದಿಡುತ್ತೇನೆ.

ಗಾಜಿನ ಚೂರಿನ ಮೇಲೆ ಒಂದೇ ಒಂದು ನೂಲಿನ ಎಳೆ. ಅದಕ್ಕೆ ಅಡುಗೆ ಎಣ್ಣೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದಳು. ಕಣ್ಣಿಟ್ಟೆ. ಎಳೆ ಎಂದರೆ ಎಳೆಯಲ್ಲ, ತೋಳಿನಷ್ಟು ದಪ್ಪದ ಹಗ್ಗ. ಎಣ್ಣೆ ಅದನ್ನು ಸೋಮಾರಿ ದನ ಗೋದಲಿ ತಬ್ಬಿದ ಹಾಗೆ ತಬ್ಬಿ ಬಿದ್ದಿತ್ತು. ಅವಳು ಪಕ್ಕದಿಂದ ಒಂದು ಹನಿ ನೀರು ಬಿಟ್ಟಳು. ನೀರು ಬಂತು, ಎಣ್ಣೆಯನ್ನು ಬಳಸಿಕೊಂಡು ಆಚೆ ಹೋಯಿತು. ಎಣ್ಣೆ ಕಣ್ಣೂ ಬಿಡಲಿಲ್ಲ.

"ಈಗ ಉಸಿರು ಬಿಗಿಹಿಡಿದು ನೋಡಿ. ಸೋಪಿನ ನೀರು ಬಿಡ್ತೀನಿ."

ಮೊದಲು ಏನೂ ಆಗಲಿಲ್ಲ. ಆಮೇಲೆ ಎಣ್ಣೆಯ ಅಂಚು ನಡುಗಿತು. ಯಾರೋ ಅದರ ಕಿವಿಯಲ್ಲಿ ಏನೋ ಹೇಳಿದಂತೆ. ಚಾಚಿಕೊಂಡಿದ್ದ ಅಂಚನ್ನು ಒಳಗೆ ಎಳೆದುಕೊಂಡಿತು, ಇನ್ನೊಂದು ಕಡೆಯದನ್ನೂ ಎಳೆದುಕೊಂಡಿತು. ಹರಡಿ ಬಿದ್ದದ್ದು ಎದ್ದು ಕೂತಿತು. ಕೂತದ್ದು ಗುಂಡಗಾಯಿತು. ನೂಲನ್ನು ಹಿಡಿದಿದ್ದ ಬುಡ ಸಣ್ಣಗಾಗುತ್ತ, ಸಣ್ಣಗಾಗುತ್ತ, ಕೊನೆಗೆ ಕೂದಲಷ್ಟಾಗಿ, ಬಿಟ್ಟುಬಿಟ್ಟಿತು. ಎಣ್ಣೆ ಮುತ್ತಾಗಿ ತೇಲಿ ಹೋಯಿತು. ಹಿಂದೆಯೇ ಇನ್ನೊಂದು. ಇನ್ನೊಂದು. ಯಾರೂ ಉಜ್ಜಲಿಲ್ಲ. ಯಾರೂ ಹಿಂಡಲಿಲ್ಲ.

ನಾನು ಎಷ್ಟು ಹೊತ್ತು ಬಗ್ಗಿದ್ದೆನೋ, ಅವಳೇ ಭುಜ ಮುಟ್ಟಿ ಕುರ್ಚಿ ಕೊಟ್ಟಳು.

"ಆ ಮುತ್ತುಗಳು ಮತ್ತೆ ನೂಲಿಗೆ ಯಾಕೆ ಅಂಟಲ್ಲ?" ಎಂದು ಕೇಳಿದೆ.

"ಸೋಪು ಅದರ ಮೈತುಂಬ ಮೆತ್ತಿಕೊಂಡಿರುತ್ತಕ್ಕ. ನೂಲಿಗೂ ಮೆತ್ತಿರುತ್ತೆ. ಇಬ್ಬರ ಮೇಲೂ ಒಂದೇ ಜಾತಿ ವಿದ್ಯುತ್ತು. ಒಬ್ಬರು ಹತ್ತಿರ ಬಂದ್ರೆ ಇನ್ನೊಬ್ಬರು ದೂರ ತಳ್ತಾರೆ."

"ಆ ಒಂದು ಹನೀಲಿ ಸೋಪಿನ ಕಣ ಎಷ್ಟಿದ್ದಾವು?"

ಅವಳು ಕಾಗದದ ಮೇಲೆ ಗೀಚಿ ಹೇಳಿದಳು. ಲೋಕದ ಜನರನ್ನೆಲ್ಲ ಸಾಲಾಗಿ ನಿಲ್ಲಿಸಿ ಹಂಚಿದರೆ ತಲೆಗೆ ಒಂದು ಕೋಟಿ ಸಿಗುತ್ತವಂತೆ. ಒಂದು ಹನಿಯಲ್ಲಿ. ನಾವು ಮಗ್ಗುಗಟ್ಟಲೆ ಸುರಿಯುತ್ತೇವೆ.

ಬಟ್ಟೆಮನೆಗೆ ವಾಪಸು ಬಂದು ಮೆಷಿನ್ನಿನ ಗಾಜಿನ ಬಾಗಿಲ ಮುಂದೆ ನಿಂತೆ. ಒಳಗೆ ಹಾಸಿಗೆ ಬಟ್ಟೆ ಹೊರಳುತ್ತಿತ್ತು. ಎಷ್ಟು ಕೋಟಿ ಮುತ್ತು ಕಳಚುತ್ತಿದ್ದಾವು ಅಲ್ಲಿ, ಈ ಕ್ಷಣದಲ್ಲಿ. ನಾನು ಒಗೆಯುತ್ತಿದ್ದೇನೆ ಎಂದುಕೊಂಡಿದ್ದೆ.

ಜೂನ್ ೧೮, ಮಂಗಳವಾರ

ನಾನು ಎಣಿಸದ ಕಡೆಯಿಂದ ಹೊಡೆತ ಬಿತ್ತು.

ಕಿರುಬೆರಳು ಹೇಳಿದ್ದಕ್ಕೆ ಮೂರು ದಿನದಲ್ಲಿ ಹದಿನೇಳು ಲೋಡು ಹಿಂದಕ್ಕೆ ಕಳಿಸಿದ್ದೇನೆ. ಎರಡು ತಿಂಗಳು ಒಂದೂ ಇಲ್ಲ, ಈಗ ಇದ್ದಕ್ಕಿದ್ದಂತೆ ಹದಿನೇಳು. ಆಫೀಸಿನ ಸಾಹೇಬರು ದಾಖಲೆ ನೋಡಿ ನೇರ ಗೂಡ್ಸು ಹತ್ತಿರ ಬಂದರು. ಬೆರಳಕ್ಕ ಹಿಡಿದದ್ದು ಹದಿನೇಳು, ಅವರ ಕಣ್ಣು ತಪ್ಪಿಸಿ ಹೋದದ್ದು ಎಷ್ಟು ಎಂದರು. ಚೀಲದ ಮೇಲೆ ಒಂದು ಎಂದಿದ್ದರೆ ಮೂರು ಹಾಕುವವನಿಗೆ ಮಕ್ಕಳ ಬಟ್ಟೆ ಕೊಡುವುದು ಹೇಗೆ ಎಂದರು. ಸೋಮವಾರ ದೊಡ್ಡ ಸಿಸ್ಟರ್ ಎದುರು ವಿಚಾರಣೆ. ಅವನನ್ನು ತೆಗೆಯುವ ಕಾಗದ ಆಗಲೇ ಟೈಪಾಗಿದೆ ಎಂದು ಮಡಚುವ ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಗೂಡ್ಸು ಮೆಷಿನ್ನಿನ ಬಾಗಿಲು ಒರೆಸುತ್ತ ನಿಂತ. ಸಾಹೇಬರು ಹೋದ ಮೇಲೆ ನನ್ನ ಹತ್ತಿರ ಬಂದು, ನಿಧಾನವಾಗಿ, "ಅಕ್ಕಾ, ನಾನು ಎಲ್ಲಿ ತಪ್ಪಿದೆ ಅಂತ ಹೇಳಿಕೊಡ್ತೀರಾ? ಜಾಲಿಸೋದನ್ನ ಮೊದಲಿನ ಥರಾನೇ ಮಾಡ್ತಿದ್ದೀನಿ" ಎಂದ.

ನಾಳೆ ನೋಡೋಣ ಎಂದೆ.

ಜೂನ್ ೧೯, ಬುಧವಾರ

ಏನೂ ಬರೆಯುವುದಿಲ್ಲ.

ಜೂನ್ ೨೧, ಶುಕ್ರವಾರ

ಸೀಸೆಮ್ಮ ಇವತ್ತು ಮೆಷಿನ್ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ನೊರೆ ಬರದ ಪುಡಿ ಕೆಟ್ಟ ಪುಡಿಯಲ್ಲವೇ ಎಂದು ಕೊನೆಗೂ ಕೇಳಿದೆ.

"ನೊರೆ ಅಂದ್ರೆ ಗಾಳಿ ಅಕ್ಕ, ಸೋಪಿನ ಅಂಗಿ ತೊಟ್ಟ ಗಾಳಿ. ಕೊಳೆ ತೆಗೆಯೋದು ನೀರೊಳಗೆ ಕಾಣದೆ ಇರೋ ಸೋಪು. ಮೆಷಿನ್ನಲ್ಲಿ ನೊರೆ ಜಾಸ್ತಿ ಆದ್ರೆ ಬಟ್ಟೆಗೆ ಮೆತ್ತೆ ಹಾಸಿದ ಹಾಗೆ, ಒಂದಕ್ಕೊಂದು ಉಜ್ಜೋದೇ ಇಲ್ಲ. ಅದಕ್ಕೇ ಬೇಕಂತಲೇ ನೊರೆ ಕಮ್ಮಿ ಮಾಡಿದ್ದಾರೆ. ನೊರೆ ನೋಡೋರು ಹಾಕ್ತಾ ಹೋಗ್ತಾರೆ, ಕ್ಷಾರ ಮೂರು ಪಟ್ಟಾಗುತ್ತೆ, ಅದೇ ನೀರಲ್ಲಿ ಅಷ್ಟೇ ಸಲ ಜಾಲಿಸಿದ್ರೆ ಹೋಗಲ್ಲ."

ನೊರೆ ನೋಡುವವರು ಎಂದಳು. ಗೂಡ್ಸು ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮಧ್ಯಾಹ್ನ ಮಡಚುವ ಹೆಂಗಸರು, ಆ ಲ್ಯಾಬಿನಲ್ಲಿ ಏನಿದೆ, ದಿನಾ ಓಡುತ್ತೀಯಲ್ಲ ಎಂದು ಕೆಣಕಿದರು. ನನಗೆ ಅವಳ ಭಾಷೆ ಬಾರದು. ಅಜ್ಜಿ ಹೇಳುತ್ತಿದ್ದ ಹಾಗೆ ಹೇಳಿದೆ.

"ಒಂದೂರಲ್ಲಿ ಎರಡು ಮನೆ ಇತ್ತಂತೆ. ನೀರಿನ ಮನೆ, ಎಣ್ಣೆ ಮನೆ. ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸೋರು. ಎಣ್ಣೆ ಮನೆ ಮಗಳನ್ನ ನೀರಿನ ಮನೆಗೆ ಕೊಟ್ಟರು. ಅವಳೇ ಸೋಪಮ್ಮ. ತಲೆ ಗಂಡನ ಮನೇಲಿ, ಕಾಲು ತವರಲ್ಲಿ. ಅವಳೊಬ್ಬಳು ಇದ್ದರೆ ಏನೂ ನಡೆಯಲ್ಲ. ಕೋಟಿ ಜನ ಅಕ್ಕತಂಗಿಯರು ಒಟ್ಟಿಗೆ ಬಂದರು ನೋಡಿ. ಎಲ್ಲರೂ ಕಾಲನ್ನ ಎಣ್ಣೆಯೊಳಗೆ ಊರಿ, ತಲೆ ನೀರಿನ ಕಡೆ ಹಾಕಿ, ತವರನ್ನೇ ಸುತ್ತ ಹಿಡಿದು ಎತ್ತಿಕೊಂಡು ಹೊರಟರು. ಹೊತ್ತುಕೊಂಡು ಹೋಗ್ತಿರೋದು ಎಣ್ಣೆ ಅಂತ ನೀರಿಗೆ ಗೊತ್ತೇ ಆಗಲಿಲ್ಲವಂತೆ. ಅದಕ್ಕೆ ಕಂಡದ್ದು ಬರೀ ಸೊಸೆಯಂದಿರ ತಲೆ."

ಅವರಲ್ಲಿ ಹಿರಿಯಳು ಮಡಚುವುದನ್ನು ನಿಲ್ಲಿಸಿ, "ಪಾಪ, ಕೊನೆಗೆ ಅವಳಿಗೇನು ಸಿಕ್ಕಿತು?" ಎಂದಳು.

"ಚರಂಡಿ" ಎಂದೆ. ಬಿದ್ದು ಬಿದ್ದು ನಕ್ಕರು. "ಕೆಲಸ ಮುಗಿದ ಮೇಲೂ ಬಟ್ಟೇಲೇ ಕೂತರೆ ಅವಳೇ ಕೊಳೆ. ಹೋಗಬೇಕು. ಹೋಗೋದೂ ಅವಳ ಕೆಲಸವೇ" ಎಂದು ಹೇಳಿದೆ. ಗೂಡ್ಸು ದೂರದಲ್ಲಿ ನಿಂತು ಕೇಳುತ್ತಿದ್ದ. ಅವನೂ ನಕ್ಕಿದ್ದ, ಉಳಿದವರೆಲ್ಲ ನಕ್ಕು ಮುಗಿಸಿದ ಮೇಲೆ.

ಜೂನ್ ೨೪, ಸೋಮವಾರ

ಸಾಹೇಬರು, ದೊಡ್ಡ ಸಿಸ್ಟರ್, ಸೀಸೆಮ್ಮ, ಮಡಚುವವರು ನಾಲ್ವರು, ಗೂಡ್ಸು, ನಾನು. ಮಕ್ಕಳ ವಾರ್ಡಿನ ಲೋಡು ಎಂದಿನಂತೆಯೇ ಒಗೆದು ತೋರಿಸಬೇಕು ಎಂದು ಆಜ್ಞೆ. ಹೇಗೆ ಮಾಡುತ್ತಿದ್ದೆಯೋ ಹಾಗೆಯೇ. ಗೂಡ್ಸು ಮೂರು ಮಗ್ ಹಾಕಿದ. ಎಂದಿನಷ್ಟೇ ಸಲ ಜಾಲಿಸಿದ. ಕೊನೆಯ ನೀರನ್ನು ಬಿಳಿ ಬಟ್ಟಲಲ್ಲಿ ಹಿಡಿದು ಮೇಜಿನ ಮೇಲಿಟ್ಟು, ಕಟ್ಟಳೆಯಂತೆ ನನ್ನ ಕಡೆ ತಿರುಗಿದ.

ಕಿರುಬೆರಳು ಇಳಿಸಬಹುದಿತ್ತು. ಜಾರುತ್ತಿದೆ, ಹಿಂದಕ್ಕೆ ಹಾಕು ಎನ್ನಬಹುದಿತ್ತು. ನನ್ನ ಹೆಸರು ನಿಲ್ಲುತ್ತಿತ್ತು, ಅವನ ಕೆಲಸ ಹೋಗುತ್ತಿತ್ತು. ನಾನು ಹೆಬ್ಬೆರಳು ತೋರುಬೆರಳು ಅದ್ದಿ, ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಉಜ್ಜಿದೆ.

"ಶುಚಿ. ನನ್ನ ಬೆರಳು ಶುಚಿ ಅಂತಿದೆ. ಈಗ ನಿನ್ನ ಸೀಸೆ ಏನಂತದೆ ಕೇಳು" ಎಂದೆ.

ಸೀಸೆಮ್ಮ ಬಣ್ಣವಿಲ್ಲದ ನೀರಿನಂಥ ಔಷಧಿಯನ್ನು ಒಂದು ಹನಿ ಬಿಟ್ಟಳು. ಹನಿ ಬಿದ್ದ ಕಡೆಯಿಂದ ಕೆನ್ನೀಲಿ ಬೆರೆತ ಗುಲಾಬಿ ಬಣ್ಣ ಹೊಗೆಯಂತೆ ಸುತ್ತಿ, ಬಟ್ಟಲಿಡೀ ಹರಡಿತು. ಕನ್ನಡಿಯಂತಿದ್ದ ನೀರೊಳಗೆ ಇಷ್ಟು ಬಣ್ಣ ಎಲ್ಲಿ ಅಡಗಿತ್ತೋ. ಅಂಥ ಹೊತ್ತಿನಲ್ಲೂ ನನಗೆ, ಎಷ್ಟು ಚೆನ್ನಾಗಿದೆ ಎನಿಸಿತು.

ಆಮೇಲೆ ಎಲ್ಲರೂ ಗೂಡ್ಸುವನ್ನು ನೋಡಿದರು.

"ಅವನನ್ನ ನೋಡಬೇಡಿ" ಎಂದೆ. "ಒಂದು ಮಗ್ ಹಾಕ್ತಿದ್ದವನಿಗೆ ಮೂರು ಹಾಕು ಅಂದೋಳು ನಾನು. ನೊರೆ ಕಾಣಲಿಲ್ಲ ಅಂತ. ಎರಡು ತಿಂಗಳಿಂದ ಶುಚಿ ಅಂದೋಳೂ ನಾನೇ. ಈ ಬೆರಳಿಗೆ ಏನೂ ಗೊತ್ತಾಗಲ್ಲ ಸಾರ್. ಚಹಾ ಲೋಟ ನಿಲ್ಲಲ್ಲ. ಗೊತ್ತಾಗಲ್ಲ ಅನ್ನೋದೂ ಹನ್ನೊಂದು ದಿನದ ಹಿಂದೆ ಗೊತ್ತಾಯ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ."

ದೊಡ್ಡ ಸಿಸ್ಟರ್ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಒಂಬತ್ತಿದ್ದದ್ದು ಹನ್ನೆರಡಾಗಿತ್ತು ಬೆರಳಕ್ಕ" ಎಂದರು, ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸಾಹೇಬರು ಗೂಡ್ಸುವಿನ ಕಾಗದವನ್ನು ಹರಿದರು. ನನಗೆ ಬೇರೆ ಕಾಗದ ಬರುತ್ತದೆಯಂತೆ, ಉತ್ತರ ಕೊಡಬೇಕಂತೆ. ಎದೆಯ ಮೇಲಿದ್ದ, ಬಟ್ಟೆಮನೆ ಮುಖ್ಯಸ್ಥೆ ಎನ್ನುವ ಪಟ್ಟಿಯನ್ನು ಅಲ್ಲೇ ತೆಗೆದಿಡಲು ಹೇಳಿದರು. ತೆಗೆದಿಟ್ಟೆ.

ಗೂಡ್ಸು ಆ ಲೋಡನ್ನು ಮತ್ತೆ ಮೆಷಿನ್ನಿಗೆ ತುಂಬುತ್ತ, ಎಲ್ಲರೂ ಹೋಗಿ ಬಹಳ ಹೊತ್ತಾದ ಮೇಲೆ ಬಾಯಿಬಿಟ್ಟ. "ಮೊದಲೇ ಹೇಳಿದ್ದಿದ್ರೆ ನನ್ನ ಬೆರಳು ಕೊಡ್ತಿದ್ದೆ ಅಕ್ಕ. ಹತ್ತಿವೆ, ಯಾವುದಕ್ಕೂ ಅಂಥಾ ಕೆಲಸ ಇಲ್ಲ."

ಜೂನ್ ೨೭, ಗುರುವಾರ

ಕೇಳಿಕೊಂಡು ಮಕ್ಕಳ ವಾರ್ಡಿಗೆ ಹೋದೆ. ಇಪ್ಪತ್ತೆಂಟು ವರ್ಷ ಆ ವಾರ್ಡಿನ ಬಟ್ಟೆ ಕಂಡಿದ್ದೆ, ವಾರ್ಡು ಕಂಡಿರಲಿಲ್ಲ. ದೊಡ್ಡ ಸಿಸ್ಟರ್ ಒಂದು ಕೂಸನ್ನು ಮಗುಚಿ ಬೆನ್ನು ತೋರಿಸಿದರು. ಕೆಂಪು ಬಾಡಿ ತಿಳಿಯಾಗುತ್ತಿತ್ತು. "ಇಳೀತಿದೆ" ಎಂದರು. ಮುಟ್ಟಲೇ ಎಂದು ಕೇಳಿದೆ. ತಲೆಯಾಡಿಸಿದರು. ಕೈ ತೊಳೆದುಕೊಂಡು ಬಂದು ಕಿರುಬೆರಳಿನಲ್ಲಿ ಮುಟ್ಟಿದೆ.

ಆ ಚರ್ಮದ ಮೇಲೆ ಇನ್ನೂ ಎಣ್ಣೆ ಅಷ್ಟಾಗಿ ಬಂದಿರುವುದಿಲ್ಲವಂತೆ. ಕ್ಷಾರ ಬಂದರೆ ತಡೆಯಲು ಅದರ ಹತ್ತಿರ ಏನೂ ಇಲ್ಲ. ನನ್ನ ಬೆರಳಾದರೆ ತನ್ನೆಣ್ಣೆ ಕೊಟ್ಟು ಸೋಪು ಮಾಡಿಕೊಳ್ಳುತ್ತಿತ್ತು.

ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಡಾಕ್ಟರಿಗೆ ಈ ಪುಸ್ತಕ ತೋರಿಸುವ ಹಾಗಿಲ್ಲ, ಇದರಲ್ಲಿ ಅವರ ರೋಗಿ ಎಲ್ಲೂ ಕಾಣುವುದಿಲ್ಲ. ಬೇರೆ ಹಾಳೆಯಲ್ಲಿ ಏನಾದರೂ ಬರೆದುಕೊಡಬೇಕು. ಸೀಸೆಮ್ಮನನ್ನು ಕೇಳಲು ಇನ್ನೊಂದಿದೆ: ನೀರು ಗಡಸಾದರೆ ಸೋಪು ಏಕೆ ಮೊಸರಾಗುತ್ತದೆ?

ಜುಲೈ ೧, ಸೋಮವಾರ

ಹೊಸ ಕಟ್ಟಳೆಯ ಮೊದಲ ದಿನ. ಇನ್ನು ಶುಚಿ ಎನ್ನಬೇಕಾದದ್ದು ಬೆರಳಲ್ಲ, ಸೀಸೆಯ ಹನಿ. ಮಕ್ಕಳ ವಾರ್ಡಿನ ಲೋಡು, ಒಂದೇ ಮಗ್. ಗೂಡ್ಸು ಮಗ್ಗಿನ ತುದಿಯನ್ನು ಕಡ್ಡಿಯಿಂದ ಸವರಿ ಸಮ ಮಾಡಿ ಹಾಕಿದ. ನೊರೆ ಬರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಗಾಜಿನ ಆಚೆ ನೀರು ಸುಮ್ಮನೆ ಹೊರಳುತ್ತಿತ್ತು. ಏನೂ ನಡೆಯುತ್ತಿಲ್ಲ ಎನ್ನುವಂತೆ.

ಪ್ರತಿ ಸಲ ಜಾಲಿಸಿದಾಗಲೂ ಒಂದೊಂದು ಬಟ್ಟಲು ಹಿಡಿದು ಹನಿ ಹಾಕೋಣ ಎಂದೆ. ಬೇಕಾಗಿರಲಿಲ್ಲ, ಕೊನೆಯದು ಸಾಕಿತ್ತು. ನೋಡುವ ಆಸೆ. ಮೊದಲನೆಯದು ಕಡು ಗುಲಾಬಿ. ಎರಡನೆಯದು ಕೂಸಿನ ಹಿಮ್ಮಡಿಯ ಬಣ್ಣ. ಮೂರನೆಯದಕ್ಕೆ ಹನಿ ಹಾಕಿದಾಗ ಬಣ್ಣವಿದೆಯೋ ಇಲ್ಲವೋ ಎಂದು ಜಗಳವೇ ಆಯಿತು. ಮಡಚುವ ಹೆಂಗಸರಲ್ಲಿ ಇಬ್ಬರು ಇದೆ ಎಂದರು, ಇಬ್ಬರು ನಿಮ್ಮ ಸೀರೆಯ ನೆರಳು ಎಂದರು. ಸೀಸೆಮ್ಮ ಅಡಿಗೆ ಬಿಳಿ ಕಾಗದ ಇಟ್ಟಳು. ಇತ್ತು, ಕೂದಲೆಳೆಯಷ್ಟು.

ನಾಲ್ಕನೆಯ ಬಟ್ಟಲಿನಲ್ಲಿ ಹನಿ ಬಿತ್ತು. ಸಣ್ಣ ಉಂಗುರವೊಂದು ಎದ್ದು ಅಂಚಿಗೆ ಹೋಗಿ ಮುಟ್ಟಿತು. ಆಮೇಲೆ ಏನೂ ಇಲ್ಲ. ನೀರು, ನೀರಿನ ಅಡಿಯಲ್ಲಿ ಬಟ್ಟಲಿನ ಬಿಳಿ, ಅಷ್ಟೇ. ಆ ಏನೂ ಇಲ್ಲದ್ದನ್ನು ನಾವು ಏಳು ಜನ ತಲೆಗೆ ತಲೆ ತಾಗಿಸಿಕೊಂಡು ಬಗ್ಗಿ ನೋಡುತ್ತಿದ್ದೆವು. ಉಸಿರು ಬಿಟ್ಟರೆ ಎಲ್ಲಿ ಬಣ್ಣ ಬಂದೀತೋ ಎನ್ನುವ ಹಾಗೆ.

ಬಹಳ ಹೊತ್ತಾದ ಮೇಲೆ ಗೂಡ್ಸು ಕೇಳಿದ, "ಡ್ರೈಯರ್ ತೆಗೀಲಾ?"

ಅವನು ಕೇಳಿದ್ದು ಬಟ್ಟಲನ್ನು. ನಾನೂ ಅದನ್ನೇ ನೋಡುತ್ತಿದ್ದೆ.